ಅಧಿಕಾರ ಕೈಬದಲಾದ ಕಾಲದ ಜತ್ತಿಯವರು

ರಾಜ್ಯವನ್ನು ಗಳಿಸುವುದು ಕಷ್ಟ; ಕಾಲ ಬಂದಾಗ ಅದನ್ನು ಎದುರು ಪಕ್ಷದವರಿಗೆ ಒಪ್ಪಿಸುವುದು ಅದಕ್ಕಿಂತಲೂ ಕಷ್ಟ. ಈ ಮಾತಿನ ನಿಜವನ್ನರಿಯಲು ಹೊಸಪೇಟೆಯವರಾದ ನಾವು ದೂರ ಹೋಗಬೇಕಾಗಿಲ್ಲ. ನೆರೆಯ ಹಂಪೆಯ ಸಿಂಹಾಸನವು 1485ರಲ್ಲಿ ಬಲಾತ್ಕಾರದಿಂದ ಸಾಳುವರ ಪಾಲಾಯಿತು. 1505ರಲ್ಲಿ ಇಮ್ಮಡಿ ನರಸಿಂಹನ ಕೊಲೆಯಾಗಿ ತುಳುವರ ವಶವಾಯಿತು. ಅಚ್ಯುತರಾಯನು 1542ರಲ್ಲಿ ತೀರಿಕೊಂಡ ಬಳಿಕ ಅವನ ಎಳೆಯ ಮಗನನ್ನು ಸೋದರಮಾವನೇ ಕೊಲ್ಲಿಸಿದನು. ಇದಕ್ಕೆ ವ್ಯತಿರಿಕ್ತವಾಗಿ, 1977ರಲ್ಲಿ ದೆಹಲಿಯ ಕೇಂದ್ರಾಧಿಕಾರವು ಮೊದಲ ಬಾರಿಗೆ ವಿರೋಧಪಕ್ಷದ ಕೈಗೆ ಶಾಂತವಾಗಿ ದಾಟಿತು. ಆಗ ರಾಷ್ಟ್ರಪತಿಯ ಸ್ಥಾನದಲ್ಲಿ ಕುಳಿತಿದ್ದವರು ಕನ್ನಡಿಗರಾದ ಬಸಪ್ಪ ದಾನಪ್ಪ ಜತ್ತಿಯವರು.

ಜತ್ತಿಯವರು 1912ರ ಸೆಪ್ಟೆಂಬರ್ 10ರಂದು ಜಮಖಂಡಿ ಸಂಸ್ಥಾನದ ಸಾವಳಗಿಯಲ್ಲಿ ಜನಿಸಿದರು. ಜಮಖಂಡಿಯೂ ನಮ್ಮ ಸಂಡೂರಿನಂತೆ ಮರಾಠಿ ಮನೆತನವೊಂದು ಆಳುತ್ತಿದ್ದ ಸಣ್ಣ ಸಂಸ್ಥಾನ. ಕೊಲ್ಲಾಪುರದಲ್ಲಿ ನ್ಯಾಯಶಾಸ್ತ್ರವನ್ನೋದಿ ಊರಿಗೆ ಮರಳಿ ವಕೀಲಿ ಹಿಡಿದರು, ಪುರಸಭೆಯ ಅಧ್ಯಕ್ಷರಾದರು, ಸಂಸ್ಥಾನದ ಮಂತ್ರಿಯಾಗಿ ದಿವಾನರ ಪದವಿಗೂ ಏರಿದರು. ಆದರೆ 1948ರಲ್ಲಿ ಜಮಖಂಡಿಯು ಮುಂಬಯಿ ಪ್ರಾಂತದಲ್ಲಿ ಲೀನವಾದೊಡನೆ ಆ ಪದವಿಯೇ ಇಲ್ಲವಾಯಿತು. ಅಧಿಕಾರವು ಅಶಾಶ್ವತವೆಂಬ ಪಾಠವು ಅವರಿಗೆ ಮೂವತ್ತೈದರ ವಯಸ್ಸಿನಲ್ಲಿಯೇ ಆಯಿತೆನ್ನಬಹುದು.

ಮುಂಬಯಿಯಲ್ಲಿ ಮೊರಾರ್ಜಿ ದೇಸಾಯಿಯವರು ಮುಖ್ಯಮಂತ್ರಿಗಳಾಗಿದ್ದಾಗ ಜತ್ತಿಯವರು ಅವರ ಕೈಕೆಳಗೆ ಉಪಮಂತ್ರಿಗಳಾಗಿದ್ದರು. 1956ರ ಏಕೀಕರಣದಿಂದ ಮೈಸೂರು ರಾಜ್ಯಕ್ಕೆ ಬಂದು, 1958ರಿಂದ 1962ರವರೆಗೆ ಮುಖ್ಯಮಂತ್ರಿಗಳಾದರು. ಭೂಸುಧಾರಣಾ ಸಮಿತಿಯ ಅಧ್ಯಕ್ಷರಾಗಿ ಅವರು ಪಟ್ಟ ಶ್ರಮದ ಮೇಲೆ 1961ರ ಭೂಸುಧಾರಣಾ ಶಾಸನವು ನಿಂತಿತು. ಮುಂದೆ 1968ರಲ್ಲಿ ಪಾಂಡಿಚೇರಿ, 1972ರಲ್ಲಿ ಒರಿಸ್ಸಾ, 1974ರಲ್ಲಿ ಉಪರಾಷ್ಟ್ರಪತಿಯ ಪದವಿ. ಒರಿಸ್ಸಾದಲ್ಲಿ 1973ರಲ್ಲಿ ಕಾಂಗ್ರೆಸ್ ಮಂತ್ರಿಮಂಡಲವು ಬಿದ್ದಾಗ, ವಿರೋಧಪಕ್ಷದವರು ತಮಗೆ ಬಹುಮತವಿದೆಯೆಂದರೂ ರಾಜ್ಯಪಾಲರಾದ ಇವರು ಅವರಿಗೆ ಅವಕಾಶ ಕೊಡದೆ ರಾಷ್ಟ್ರಪತಿ ಆಳ್ವಿಕೆಗೆ ಶಿಫಾರಸು ಮಾಡಿದರು. ಇದು ಅವರ ಮೇಲಿನ ಆಕ್ಷೇಪಗಳಲ್ಲಿ ದೊಡ್ಡದು. ಚರಿತ್ರಕಾರನು ಅದನ್ನು ಮರೆಮಾಚುವುದು ಸಲ್ಲದು.

1977ರ ಫೆಬ್ರವರಿ 11ರಂದು ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದರು ಹಠಾತ್ತನೆ ನಿಧನರಾದರು. ತುರ್ತುಪರಿಸ್ಥಿತಿ ಇನ್ನೂ ಜಾರಿಯಲ್ಲಿತ್ತು, ಚುನಾವಣೆ ಸಮೀಪಿಸಿತ್ತು. ಅಂಥ ಹೊತ್ತಿನಲ್ಲಿ ರಾಷ್ಟ್ರಪತಿಯ ಕಾರ್ಯಭಾರವು ಜತ್ತಿಯವರ ಹೆಗಲಿಗೆ ಬಿತ್ತು. ಕರ್ನಾಟಕವು ತನ್ನ 28 ಸ್ಥಾನಗಳಲ್ಲಿ 26ನ್ನು ಕಾಂಗ್ರೆಸ್ಸಿಗೇ ಕೊಟ್ಟಿತಾದರೂ ಉತ್ತರದೇಶವು ಅದನ್ನು ಬುಡಮೇಲು ಮಾಡಿತು. ಮಾರ್ಚ್ 21ರಂದು ತುರ್ತುಪರಿಸ್ಥಿತಿಯ ಘೋಷಣೆಯನ್ನು ಜತ್ತಿಯವರು ಹಿಂತೆಗೆದರು. ಮರುದಿನ ಇಂದಿರಾ ಗಾಂಧಿಯವರು ರಾಜೀನಾಮೆಯಿತ್ತರು. 24ರಂದು ಮೊರಾರ್ಜಿಯವರಿಗೆ ಪ್ರಮಾಣವಚನವನ್ನು ಬೋಧಿಸಿದರು. ಒಂದು ಕಾಲದಲ್ಲಿ ತಮಗೆ ಮೇಲಧಿಕಾರಿಯಾಗಿದ್ದು ಈಗ ಎದುರು ಪಕ್ಷದ ನಾಯಕರಾದವರಿಗೆ ದೇಶವನ್ನು ಒಪ್ಪಿಸುವ ಕರ್ತವ್ಯವು ಹಳೆಯ ಕಾಂಗ್ರೆಸ್ಸಿಗನಿಗೆ ಒದಗಿದ ವಿಧಿಯ ವಿಚಿತ್ರವನ್ನು ಏನೆನ್ನೋಣ!

ನಿಜವಾದ ಪರೀಕ್ಷೆಯು ಏಪ್ರಿಲ್ ತಿಂಗಳಲ್ಲಿ ಬಂದಿತು. ಕಾಂಗ್ರೆಸ್ ನೆಲಕಚ್ಚಿದ ಒಂಬತ್ತು ರಾಜ್ಯಗಳ ಶಾಸನಸಭೆಗಳನ್ನು ವಿಸರ್ಜಿಸಬೇಕೆಂದು ಹೊಸ ಮಂತ್ರಿಮಂಡಲವು ಸಲಹೆಯಿತ್ತಿತು. ಕೆಲವು ರಾಜ್ಯಗಳು ಸುಪ್ರೀಂ ಕೋರ್ಟಿನ ಮೊರೆಹೊಕ್ಕು ಸೋತವು. ಆದರೂ ಜತ್ತಿಯವರು ಸಹಿ ಹಾಕಲು ಹಿಂಜರಿದರು. ಒರಿಸ್ಸಾದಲ್ಲಿ ಇಲ್ಲದ ಈ ಸಂಕೋಚ ಈಗೇಕೆಂದು, ಹಳೆಯ ಪಕ್ಷದ ಋಣ ತೀರಿಸುತ್ತಿರುವರೆಂದು, ಜನ ಸಂಶಯಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ಏಪ್ರಿಲ್ 30ರಂದು ಸಹಿ ಬಿದ್ದಿತು. ಮಂತ್ರಿಮಂಡಲದ ಸಲಹೆಗೆ ರಾಷ್ಟ್ರಪತಿಯು ಬದ್ಧನೆಂದು 1976ರ ನಾಲ್ವತ್ತೆರಡನೆಯ ತಿದ್ದುಪಡಿಯು ಸ್ಪಷ್ಟಪಡಿಸಿತ್ತು. ಸಲಹೆಯನ್ನು ಒಮ್ಮೆ ಮರುಪರಿಶೀಲನೆಗೆ ಕಳುಹಿಸುವ ಹಕ್ಕು 1978ರ ನಾಲ್ವತ್ತನಾಲ್ಕನೆಯ ತಿದ್ದುಪಡಿಯಿಂದ ಮಾತ್ರ ದೊರೆಯಿತು. ಜತ್ತಿಯವರ ಕೈಯಲ್ಲಿ ಆ ಹಕ್ಕು ಇರಲಿಲ್ಲ, ಇದ್ದುದು ಲೇಖನಿಯೊಂದೇ.

ಹಿಂಜರಿದುದು ತಪ್ಪೋ ಸರಿಯೋ, ವಾಚಕರು ತೀರ್ಮಾನಿಸಲಿ. ನಮಗೆ ಮುಖ್ಯವಾಗಿ ತೋರುವುದು ಇಷ್ಟೆ: ಮನಸ್ಸು ಹಿಂದಕ್ಕೆಳೆದರೂ ಕೈಯು ಕಟ್ಟಳೆಯನ್ನು ಮೀರಲಿಲ್ಲ. ಜುಲೈ 25ರಂದು ನೀಲಂ ಸಂಜೀವ ರೆಡ್ಡಿಯವರಿಗೆ ಸ್ಥಾನವನ್ನು ಬಿಟ್ಟುಕೊಟ್ಟು ಉಪರಾಷ್ಟ್ರಪತಿಯ ಪೀಠಕ್ಕೆ ಮರಳಿದರು. 1979ರಲ್ಲಿ ಅದರಿಂದಲೂ ನಿವೃತ್ತರಾದ ಮೇಲೆ, 1964ರಲ್ಲಿ ತಾವೇ ಸ್ಥಾಪಿಸಿದ್ದ ಬಸವ ಸಮಿತಿಯ ಕಾರ್ಯದಲ್ಲಿ ತೊಡಗಿದರು. 2002ರ ಜೂನ್ 7ರಂದು ಬೆಂಗಳೂರಿನಲ್ಲಿ ಕಾಲವಾದರು.

ಸರ್ಕಾರಗಳು ಬರುತ್ತವೆ, ಹೋಗುತ್ತವೆ. ಕಚೇರಿಯ ಗುಮಾಸ್ತನಿಂದ ಮೊದಲ್ಗೊಂಡು ರಾಷ್ಟ್ರಪತಿಯವರೆಗೆ ಪ್ರತಿಯೊಬ್ಬನಿಗೂ, ತಾನು ಒಲಿದವರು ಸೋತು ಒಲಿಯದವರು ಗೆದ್ದ ದಿನವೊಂದು ಬಂದೇ ಬರುತ್ತದೆ. ಅಂದು ಕಡತವನ್ನು ತಿದ್ದದೆ, ಬೀಗದ ಕೈಯನ್ನು ಬಚ್ಚಿಡದೆ, ಪೀಠವನ್ನು ಒಪ್ಪಿಸಿ ಎದ್ದುಬರುವವನೇ ರಾಜ್ಯವನ್ನು ಉಳಿಸುವವನು. ಹಾಗೆ ಎದ್ದುಬರಲಾರದವರ ಕಥೆಯನ್ನು ಹೇಳಲು ಹಂಪೆಯ ಕಲ್ಲುಗಳೇ ಸಾಕು.