ಜಿ. ಪಿ. ಸ್ಯಾಂಡರ್ಸನ್ (1848–1892)

ಮೈಸೂರು ಸಂಸ್ಥಾನದಲ್ಲಿ ಖೆಡ್ಡಾ ಕಾರ್ಯಾಚರಣೆಗೆ ಹೆಸರಾದ ಸ್ಯಾಂಡರ್ಸನ್‌ರವರು 1864ರಲ್ಲಿ ಇಲ್ಲಿಗೆ ಬಂದು, ಮೊದಲಿಗೆ ನೀರಾವರಿ ಕಾಲುವೆಗಳ ಮೇಲ್ವಿಚಾರಣೆ ನಿರ್ವಹಿಸಿದರು.

ಆನೆ ಬೇಟೆಗೆ ಇವರು ಆಯ್ದುಕೊಂಡದ್ದು ನಾಲ್ಕನೇ ಬೋರಿನ ಕೋವಿ. ಒಂದು ಪೌಂಡು ಸೀಸದಿಂದ ನಾಲ್ಕೇ ಗುಂಡುಗಳಾಗುವಷ್ಟು ಅದರ ನಳಿಗೆ ಅಗಲ. ಗುಂಡೊಂದರ ತೂಕ ಸುಮಾರು 113 ಗ್ರಾಂ. ಇಂತಹ ಗುಂಡು ಹಾರಿದೊಡನೆ ಕೋವಿಯು ಹಿಂದಕ್ಕೆ ಚಿಮ್ಮಿ ಹೆಗಲಿಗೆ ಒದೆಯುತ್ತದೆ. ಒದೆತಕ್ಕೆ ಅಂಜಿ ಗುರಿ ತಪ್ಪಿದಲ್ಲಿ, ಗಾಯಗೊಂಡ ಆನೆಯೆದುರು ಬೇಟೆಗಾರನು ಬದುಕುಳಿಯುವುದು ದುಸ್ತರ. ಕೋವಿಯ ತೂಕವೇ ಇದಕ್ಕೆ ಪರಿಹಾರ. ಭಾರವಾದ ಕೋವಿ ನಿಧಾನವಾಗಿ ಹಿಂದೆ ಸರಿಯುವುದರಿಂದ ಪೆಟ್ಟು ತಾಳುವಂತಿರುತ್ತದೆ. ಇವರ ಮೊದಲ ಒಂಟಿನಳಿಗೆ ಕೋವಿ 16½ ಪೌಂಡು ತೂಗುತ್ತಿದ್ದು, 10 ಡ್ರಾಂ ಮದ್ದು ಬಳಸುತ್ತಿತ್ತು. ನಂತರ ಪಡೆದ ಗ್ರೀನರ್ ಜೋಡುನಳಿಗೆಗೆ 12 ಡ್ರಾಂ ಮದ್ದು. ತೂಕ 19½ ಪೌಂಡು, ಅಂದರೆ ಸುಮಾರು 8.8 ಕಿ.ಗ್ರಾಂ. ಅದನ್ನು ಹೊತ್ತು ಕಾಡಿನಲ್ಲಿ ಆನೆಯ ಜಾಡು ಹಿಡಿಯುವುದು ಸಾಮಾನ್ಯರಿಂದಾಗುವ ಕೆಲಸವಲ್ಲ. (ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರನ್ವಯ ಬೇಟೆ ನಿಷಿದ್ಧವಾಗಿರುವುದನ್ನು ಸಾರ್ವಜನಿಕರು ಗಮನಿಸುವುದು.)

1874ರಲ್ಲಿ ಚಾಮರಾಜನಗರದ ಸಮೀಪ ಖೆಡ್ಡಾ ಏರ್ಪಡಿಸಿ, ಆನೆಗಳ ಹಿಂಡನ್ನು ಜೀವಂತವಾಗಿ ಸೆರೆಹಿಡಿಯುವಲ್ಲಿ ಯಶಸ್ವಿಯಾದರು. ಕೋವಿಗಳ ಈ ವಿವರಗಳನ್ನೊಳಗೊಂಡ ಇವರ ಗ್ರಂಥವು 1878ರಲ್ಲಿ ಪ್ರಕಟವಾಯಿತು. 1892ರಲ್ಲಿ ಮದರಾಸಿನಲ್ಲಿ ನಿಧನ ಹೊಂದಿದರು.