ನಟ ಎಂ. ಆರ್. ರಾಧಾ: ರಂಗದ ಕೀರ್ತಿ, ರಿವಾಲ್ವರಿನ ಅಪಕೀರ್ತಿ

ಅಡ್ಯಾರಿನಲ್ಲಿ ಈಗ ಹೆಣ್ಣುಮಕ್ಕಳ ಕಾಲೇಜು ಇರುವ ಆವರಣದಲ್ಲಿ ಹಿಂದೊಮ್ಮೆ ಸತ್ಯ ಸ್ಟುಡಿಯೋ ಇತ್ತು. ಎಂ. ಜಿ. ರಾಮಚಂದ್ರನ್ ಅವರು ತಮ್ಮ ತಾಯಿ ಸತ್ಯಭಾಮೆಯ ಹೆಸರನ್ನು ಆ ಸ್ಟುಡಿಯೋಗೆ ಇಟ್ಟಿದ್ದರು. ಚಿತ್ರಗಳಲ್ಲಿ ಹಾರುತ್ತಿದ್ದ ಗುಂಡುಗಳಿಂದ ಯಾರಿಗೂ ನೋವಾಗುತ್ತಿರಲಿಲ್ಲ. ಬಿದ್ದ ನಟನು ಮರುಗಳಿಗೆಯಲ್ಲಿ ಎದ್ದು ಕಾಫಿ ಕುಡಿಯುತ್ತಿದ್ದನು. ಆದರೆ 1967ನೆಯ ಇಸವಿಯ ಜನವರಿ 12ರ ಸಂಜೆ ಅದೇ ರಾಮಚಂದ್ರನ್ ಅವರ ಮನೆಯಲ್ಲಿ ಹಾರಿದುದು ನಿಜವಾದ ಗುಂಡು. ಹಾರಿಸಿದವರು ತಮಿಳು ರಂಗಭೂಮಿಯ ಅಪ್ರತಿಮ ಕಲಾವಿದರೆಂದು ಹೆಸರಾಗಿದ್ದ ಎಂ. ಆರ್. ರಾಧಾ. ಆ ಕಲಾವಿದನ ಬಾಳನ್ನೂ ಅವನ ಅಪರಾಧವನ್ನೂ ಒಟ್ಟಿಗೆ ನೋಡುವುದು ಈ ಲೇಖನದ ಉದ್ದೇಶ.

ಮದರಾಸ್ ರಾಜಗೋಪಾಲ್ ರಾಧಾಕೃಷ್ಣನ್ ಎಂಬುದು ಅವರ ಪೂರ್ಣ ನಾಮಧೇಯ. 1907ರಲ್ಲಿ ಮದರಾಸಿನ ಚಿಂತಾದ್ರಿಪೇಟೆಯಲ್ಲಿ ಜನಿಸಿದರು. ಸೈನ್ಯದಲ್ಲಿದ್ದ ತಂದೆ ಮೊದಲನೆಯ ಮಹಾಯುದ್ಧದ ಕಾಲದಲ್ಲಿ ತೀರಿಕೊಂಡರು. ಊಟಕ್ಕೆ ಕುಳಿತಾಗ ಇನ್ನೊಂದು ತುಂಡು ಮೀನನ್ನು ತಾಯಿ ಬಡಿಸಲಿಲ್ಲವೆಂದು ಮುನಿದು ಹುಡುಗನು ಮನೆಬಿಟ್ಟು ಹೋದನೆಂಬುದು ಅವರ ಜೀವನ ಬರೆದವರೆಲ್ಲರೂ ಹೇಳುವ ಸಂಗತಿ. ಹೀಗೆ ಹೊರಟ ಬಾಲಕನಿಗೆ ಬಾಲಕರ ನಾಟಕ ಕಂಪನಿಯೊಂದು ಅನ್ನವನ್ನೂ ಆಶ್ರಯವನ್ನೂ ನೀಡಿತು. ಅಂದಿನ ನಾಟಕ ಕಂಪನಿಗಳಲ್ಲಿ ಇಂಥ ಹುಡುಗರು ಬಹುಮಂದಿ ಇದ್ದರು. ಎಳೆಯ ವಯಸ್ಸಿನಲ್ಲಿ ಊರುಬಿಟ್ಟು ಬಂದು, ಹೋಟೆಲಿನ ಒಲೆಯ ಮುಂದೆ ಬಾಳು ಕಟ್ಟಿಕೊಂಡ ನಮ್ಮವರಿಗೆ ಆ ಹುಡುಗನ ಸ್ಥಿತಿಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ರಾಧಾ ಅವರು ಬೆಳೆದುದು ರಂಗದ ಮೇಲೆಯೇ. 1937ರಲ್ಲಿ ಚಲನಚಿತ್ರವನ್ನು ಪ್ರವೇಶಿಸಿದರೂ ಅವರ ಮನಸ್ಸು ನೆಲೆಸಿದ್ದು ನಾಟಕದಲ್ಲಿ. ಈರೋಡಿನ ಪೆರಿಯಾರ್ ಇ. ವಿ. ರಾಮಸ್ವಾಮಿ ಅವರ ವಿಚಾರಗಳಿಗೆ ಅವರು ಮಾರುಹೋದರು. ಆ ಪೆರಿಯಾರ್ ಅವರ ಮನೆಮಾತು ಕನ್ನಡವಾಗಿತ್ತೆಂಬುದನ್ನು ವಾಚಕರಲ್ಲಿ ಕೆಲವರಾದರೂ ಬಲ್ಲರು. ಗುರುವು ಸಭೆಗಳಲ್ಲಿ ಹೇಳಿದುದನ್ನು ಶಿಷ್ಯನು ನಗೆಯ ಮಾತಾಗಿ ರಂಗದ ಮೇಲೆ ಆಡಿ ತೋರಿಸಿದನು. ಭಕ್ತರ ಮನಸ್ಸು ಅದರಿಂದ ನೊಂದಿತು. ಅಲ್ಲಲ್ಲಿ ಗಲಭೆಗಳಾದವು, ನಿಷೇಧಗಳು ಬಂದವು. 1954ರಲ್ಲಿ ಮದರಾಸು ಸರಕಾರವು ನಾಟಕ ಪ್ರದರ್ಶನಗಳನ್ನು ಹತೋಟಿಗೆ ತರುವ ಶಾಸನವನ್ನು ಮಾಡಿದಾಗ, ಅದರ ಗುರಿ ರಾಧಾ ಅವರೇ ಎಂದು ಜನರು ಆಡಿಕೊಂಡರು. ಅವರ ವಿಚಾರಗಳನ್ನು ಒಪ್ಪದವರು ಸಹ ಅವರ ಎದೆಗಾರಿಕೆಯನ್ನು ಒಪ್ಪಿದ್ದರು.

ತಿರುವಾರೂರು ತಂಗರಾಜು ಅವರು ಬರೆದ ರಕ್ತಕಣ್ಣೀರ್ ನಾಟಕವು ಅವರ ಕೀರ್ತಿಯ ಶಿಖರ. ವಿದೇಶದಲ್ಲಿ ಕಲಿತು ಬಂದ ಸಿರಿವಂತ ಯುವಕನೊಬ್ಬನು ದರ್ಪದಿಂದ ಮೆರೆದು, ಸತಿಯನ್ನು ತೊರೆದು, ವೇಶ್ಯೆಗೆ ಸರ್ವಸ್ವವನ್ನೂ ಒಪ್ಪಿಸಿ, ಕೊನೆಗೆ ಕುಷ್ಠರೋಗಿಯಾಗಿ ಬೀದಿಪಾಲಾಗುವ ಕಥೆ ಅದು. 1954ರಲ್ಲಿ ಕೃಷ್ಣನ್ ಮತ್ತು ಪಂಜು ಜೋಡಿಯ ನಿರ್ದೇಶನದಲ್ಲಿ ಅದು ಚಲನಚಿತ್ರವಾಯಿತು. ರೋಗದಿಂದ ಕುಗ್ಗಿದ ಆ ದೇಹ, ಆ ವಕ್ರ ನಗೆ, ಒಂದೇ ವಾಕ್ಯದೊಳಗೆ ಗುಡುಗಿನಿಂದ ಕೀರಲಿಗೆ ಇಳಿಯುವ ಆ ಧ್ವನಿ ಇವನ್ನು ಕಂಡವರು ಮರೆಯಲಿಲ್ಲ. ಅರ್ಧ ಶತಮಾನದ ತರುವಾಯ, 2003ರಲ್ಲಿ, ಉಪೇಂದ್ರ ಅವರು ಅದೇ ಪಾತ್ರವನ್ನು ರಕ್ತ ಕಣ್ಣೀರು ಎಂಬ ಕನ್ನಡ ಚಿತ್ರದಲ್ಲಿ ಅಭಿನಯಿಸಿದರು. ಆ ಚಿತ್ರವನ್ನು ನೋಡಿ ನಕ್ಕ ನಮ್ಮ ತರುಣರಲ್ಲಿ ಎಷ್ಟು ಮಂದಿಗೆ ಮೂಲ ನಟನ ನೆನಪಿತ್ತೋ ತಿಳಿಯದು.

ಇಷ್ಟು ಕೀರ್ತಿ ಗಳಿಸಿದ ಮನುಷ್ಯನು ಅರವತ್ತರ ಹೊಸ್ತಿಲಲ್ಲಿ ಕೈಗೆ ರಿವಾಲ್ವರ್ ತೆಗೆದುಕೊಂಡುದೇಕೆ? ರಾಧಾ ಮತ್ತು ರಾಮಚಂದ್ರನ್ ಹಲವು ಚಿತ್ರಗಳಲ್ಲಿ ಒಟ್ಟಿಗೆ ನಟಿಸಿದವರು. 1966ರ ಕೊನೆಯಲ್ಲಿ ತೆರೆಕಂಡ ಪೆಟ್ರಾಲ್‌ತಾನ್ ಪಿಳ್ಳೈಯಾ ಎಂಬ ಚಿತ್ರದಲ್ಲಿ ಅವರಿಬ್ಬರೂ ಇದ್ದರು; ನಮ್ಮ ಬಿ. ಸರೋಜಾದೇವಿಯವರು ನಾಯಕಿ. ಆ ಚಿತ್ರದ ನಿರ್ಮಾಪಕರಾದ ವಾಸು ಅವರಿಗೆ ರಾಧಾ ಸಾಲ ಕೊಟ್ಟಿದ್ದರು. ಸಾಲದ ವಸೂಲಿಯ ವಿಷಯದಲ್ಲಿ ಮನಸ್ತಾಪ ಬೆಳೆಯಿತು. ರಾಜಕೀಯ ಭೇದವೂ ಅದಕ್ಕೆ ಸೇರಿತು. ರಾಮಚಂದ್ರನ್ ದ್ರಾವಿಡ ಮುನ್ನೇತ್ರ ಕಳಗಂ ಪಕ್ಷದ ಅಭ್ಯರ್ಥಿ. ರಾಧಾ ನಂಬಿದ್ದ ಪೆರಿಯಾರ್ ಅವರು ಆ ಚುನಾವಣೆಯಲ್ಲಿ ಕಾಮರಾಜರ ಕಾಂಗ್ರೆಸ್ಸಿಗೆ ಬೆಂಬಲವಿತ್ತಿದ್ದರು.

ಜನವರಿ 12ರ ಸಂಜೆ ಸುಮಾರು ಐದು ಗಂಟೆಗೆ ರಾಧಾ ಅವರು ವಾಸು ಅವರೊಡನೆ ರಾಮಾವರಂ ತೋಟದ ಮನೆಗೆ ಹೋದರು. ಕುಳಿತು ಮಾತುಕತೆ ನಡೆಯಿತು. ಮಾತಿನ ನಡುವೆ ರಾಧಾ ರಿವಾಲ್ವರ್ ತೆಗೆದು ರಾಮಚಂದ್ರನ್ ಅವರ ಎಡಗಿವಿಯ ಬಳಿ ಗುಂಡು ಹಾರಿಸಿದರು. ಬಳಿಕ ತಮ್ಮ ಮೇಲೆಯೇ ಹಾರಿಸಿಕೊಂಡರು. ಹೊಡೆದವರನ್ನೂ ಹೊಡೆಸಿಕೊಂಡವರನ್ನೂ ಒಂದೇ ರಾಯಪೇಟೆಯ ಆಸ್ಪತ್ರೆಗೆ ಒಯ್ಯಲಾಯಿತು. ಸುದ್ದಿ ಹರಡಿದೊಡನೆ ಜನಸಾಗರವೇ ಆಸ್ಪತ್ರೆಯ ಮುಂದೆ ನೆರೆಯಿತು.

ಇಬ್ಬರೂ ಬದುಕಿ ಉಳಿದುದು ಆಶ್ಚರ್ಯ. ರಿವಾಲ್ವರಿನ ಗುಂಡುಗಳು ಬಹುಕಾಲದ ಹಿಂದೆ ಕೊಂಡವು, ಇಟ್ಟಲ್ಲಿಯೇ ಹಳತಾಗಿ ಶಕ್ತಿಗುಂದಿದ್ದುವು ಎಂಬುದು ಪರೀಕ್ಷಿಸಿದ ತಜ್ಞರ ವಿವರಣೆ. ರಾಮಚಂದ್ರನ್ ಪ್ರಾಣಾಪಾಯದಿಂದ ಪಾರಾದರೂ ಅವರ ಕಂಠಧ್ವನಿ ಎಂದಿಗೂ ಮೊದಲಿನಂತಾಗಲಿಲ್ಲ. ಕುತ್ತಿಗೆಗೆ ಪಟ್ಟಿ ಕಟ್ಟಿದ ಅವರ ಚಿತ್ರವು ಭಿತ್ತಿಪತ್ರವಾಗಿ ಊರೂರಿನ ಗೋಡೆಗಳನ್ನೇರಿತು. ಹಾಸಿಗೆಯಲ್ಲಿ ಮಲಗಿದ್ದಂತೆಯೇ ಅವರು ಪರಂಗಿಮಲೆ ಕ್ಷೇತ್ರದಿಂದ ಗೆದ್ದರು. ಅವರ ಪಕ್ಷವು ಕಾಂಗ್ರೆಸ್ಸನ್ನು ಅಧಿಕಾರದಿಂದ ಇಳಿಸಿತು. ಮಾರ್ಚ್ ತಿಂಗಳಲ್ಲಿ ಅಣ್ಣಾದುರೈಯವರು ಮುಖ್ಯಮಂತ್ರಿಗಳಾದರು. ಆ ಜಯಕ್ಕೆ ಅಕ್ಕಿಯ ಅಭಾವ, ಹಿಂದಿ ವಿರೋಧ ಮುಂತಾಗಿ ಬೇರೆ ಕಾರಣಗಳು ಹೇರಳವಾಗಿದ್ದವು. ಆದರೂ ಒಂದು ಗುಂಡು ತಾನು ಕೆಡಹಬೇಕೆಂದವನನ್ನೇ ಎತ್ತರಕ್ಕೇರಿಸಿತೆಂಬುದು ಸುಳ್ಳಲ್ಲ.

ಮೊದಲು ಗುಂಡು ಹಾರಿಸಿದವರು ರಾಮಚಂದ್ರನ್ ಅವರೇ ಎಂದು ರಾಧಾ ಪರವಾಗಿ ವಾದಿಸಲಾಯಿತು. ಚೆಂಗಲ್‌ಪಟ್ಟಿನ ಸೆಷನ್ಸ್ ನ್ಯಾಯಾಲಯವು ಅದನ್ನು ನಂಬಲಿಲ್ಲ. 1967ರ ನವೆಂಬರ್ 4ರಂದು ಅವರಿಗೆ ಏಳು ವರ್ಷಗಳ ಕಠಿಣ ಸಜೆಯನ್ನು ವಿಧಿಸಿತು. ಸುಮಾರು ನಾಲ್ಕು ವರ್ಷಗಳ ಸೆರೆವಾಸದ ಬಳಿಕ 1971ರಲ್ಲಿ ಅವರು ಹೊರಬಂದರು. ಮತ್ತೆ ಕೆಲವು ನಾಟಕಗಳಲ್ಲಿ, ಕೆಲವು ಚಿತ್ರಗಳಲ್ಲಿ ಕಾಣಿಸಿಕೊಂಡರು. ಹಿಂದಿನ ಕಾಲ ಮರಳಲಿಲ್ಲ. 1979ರ ಸೆಪ್ಟೆಂಬರ್ 17ರಂದು ತಿರುಚಿನಾಪಳ್ಳಿಯಲ್ಲಿ ನಿಧನರಾದರು. ಅದು ಅವರ ಗುರು ಪೆರಿಯಾರ್ ಹುಟ್ಟಿ ಸರಿಯಾಗಿ ನೂರು ವರ್ಷ ತುಂಬಿದ ದಿನ. ಆ ವೇಳೆಗೆ ರಾಮಚಂದ್ರನ್ ಅವರು ತಮಿಳುನಾಡಿನ ಮುಖ್ಯಮಂತ್ರಿಗಳಾಗಿ ಎರಡು ವರ್ಷಗಳಾಗಿದ್ದುವು.

ದೊಡ್ಡ ಕಲಾವಿದನೆಂದು ಅಪರಾಧವನ್ನು ಮನ್ನಿಸಬೇಕೆ? ಅಪರಾಧಿಯೆಂದು ಕಲೆಯನ್ನು ಮರೆಯಬೇಕೆ? ಎರಡೂ ನ್ಯಾಯವಲ್ಲವೆಂದು ತೋರುತ್ತದೆ. ನ್ಯಾಯಾಲಯವು ಅಪರಾಧವನ್ನು ತೂಗಿತು. ಪ್ರೇಕ್ಷಕರು ಕಲೆಯನ್ನು ತೂಗಿದರು. ಒಂದು ತಕ್ಕಡಿಯ ತೂಕವನ್ನು ಇನ್ನೊಂದಕ್ಕೆ ಹಾಕಲಾಗದು. ನಾವು ನೀವು ಗಮನಿಸಬೇಕಾದುದು ಬೇರೆ. ಕೊಟ್ಟ ಸಾಲ, ಬಾರದ ಹಣ, ಪಕ್ಷದ ಬಿಸಿ ಇವು ನಮ್ಮ ನಡುವೆಯೂ ಇವೆ. ಒಂದೇ ಕೋಣೆಯಲ್ಲಿ ಮಲಗುವ ಗೆಳೆಯರ ನಡುವೆ ಇವೇ ಕಾರಣಗಳಿಂದ ಮಾತು ಬೆಳೆದುದನ್ನು ಯಾರು ಕಂಡಿಲ್ಲ? ರಂಗದ ಮೇಲೆ ದರ್ಪದ ಫಲವೇನೆಂದು ನಾಡಿಗೆಲ್ಲ ಆಡಿ ತೋರಿಸಿದ ಮನುಷ್ಯನು ತನ್ನ ಕೋಪವನ್ನು ಒಂದು ಸಂಜೆಯ ಮಟ್ಟಿಗೆ ಗೆಲ್ಲಲಾರದೆ ಹೋದನು. ಆ ಸಂಜೆ ಅವನ ಕೈಗೆ ಎಟಕುವಂತೆ ರಿವಾಲ್ವರ್ ಇಲ್ಲದಿದ್ದರೆ, ಅದು ಮಾತಿನ ಜಗಳವಾಗಿ ಮುಗಿದು, ಮರುದಿನ ಇಬ್ಬರೂ ಬಣ್ಣ ಹಚ್ಚಿಕೊಳ್ಳಲು ಹೋಗಬಹುದಾಗಿತ್ತು.