ರವಿವಾರದ ಸೂಟಿ ತಂದ ಲೋಖಂಡೆ

ರವಿವಾರ ಬಂತೆಂದರೆ ನಿಮಗೆ ಎಷ್ಟೊಂದು ಸಂತೋಷ! ಅಂದು ಶಾಲೆಗೆ ಸೂಟಿ. ಮನೆಯ ಹಿರಿಯರು ಕಾರ್ಖಾನೆಯಲ್ಲೋ ಕಚೇರಿಯಲ್ಲೋ ದುಡಿಯುತ್ತಿದ್ದರೆ ಅವರಿಗೂ ಅಂದು ಬಿಡುವು ಸಿಗಬಹುದು. ಈ ಸೂಟಿ ಮೊದಲಿನಿಂದಲೂ ಎಲ್ಲರಿಗೂ ಇತ್ತೆಂದು ನೀವು ತಿಳಿದಿರಬಹುದು. ಆದರೆ ಹಾಗಿರಲಿಲ್ಲ. ಮುಂಬಯಿಯ ಗಿರಣಿ ಕಾರ್ಮಿಕರು ಅದಕ್ಕಾಗಿ ವರ್ಷಗಟ್ಟಲೆ ಹೋರಾಡಬೇಕಾಯಿತು. ಆ ಹೋರಾಟದ ಮುಂದಾಳು ನಾರಾಯಣ ಮೇಘಾಜಿ ಲೋಖಂಡೆ.

ಲೋಖಂಡೆಯವರು ಇ.ಸ. 1848ರಲ್ಲಿ ಠಾಣೆಯಲ್ಲಿ ಜನಿಸಿದರು. ಅವರ ಮನೆತನದ ಮೂಲ ಊರು ಪುಣೆ ಜಿಲ್ಲೆಯ ಕನ್ಹೇರಸರ. ಮ್ಯಾಟ್ರಿಕ್ ಮುಗಿಸಿದ ಅವರು ರೈಲ್ವೆಯಲ್ಲಿ ಹಾಗೂ ಅಂಚೆ ಇಲಾಖೆಯಲ್ಲಿ ನೌಕರಿ ಮಾಡಿದರು. ಮುಂದೆ ಮುಂಬಯಿಯ ಬಟ್ಟೆ ಗಿರಣಿಯೊಂದರಲ್ಲಿ ಉಗ್ರಾಣ ನೋಡಿಕೊಳ್ಳುವ ಕೆಲಸಕ್ಕೆ ಸೇರಿದರು. ಕಾರ್ಮಿಕರ ಬಾಳು ಎಂಥದೆಂಬುದನ್ನು ಅವರು ಕಣ್ಣಾರೆ ಕಂಡದ್ದು ಅಲ್ಲಿಯೇ.

ಆ ಕಾಲದ ಗಿರಣಿಗಳಲ್ಲಿ ವಿದ್ಯುದ್ದೀಪಗಳಿರಲಿಲ್ಲ. ಆದ್ದರಿಂದ ಹೊತ್ತು ಮೂಡಿದಾಗ ಆರಂಭವಾದ ಕೆಲಸ ಹೊತ್ತು ಮುಳುಗಿದಾಗಲೇ ನಿಲ್ಲುತ್ತಿತ್ತು. ಬೇಸಿಗೆಯ ದೀರ್ಘ ಹಗಲಿನಲ್ಲಿ ಹದಿಮೂರು ಹದಿನಾಲ್ಕು ಗಂಟೆ ದುಡಿಯಬೇಕಾಗುತ್ತಿತ್ತು. ಹಬ್ಬಕ್ಕೊಮ್ಮೆ ಬಿಡುವು ಸಿಕ್ಕರೆ ಸಿಕ್ಕಿತು. ವಾರಕ್ಕೊಂದು ಸೂಟಿಯೆಂಬ ನಿಯಮವಿರಲಿಲ್ಲ. ಸಂಬಳ ಕೈಸೇರಲು ತಡವಾಗುತ್ತಿತ್ತು. 1881ರಲ್ಲಿ ಮೊದಲ ಕಾರ್ಖಾನೆ ಕಾಯ್ದೆ ಬಂದಿತು. ಅದು ಏಳರಿಂದ ಹನ್ನೆರಡು ವರ್ಷದ ಮಕ್ಕಳ ದುಡಿಮೆಯನ್ನು ದಿನಕ್ಕೆ ಒಂಬತ್ತು ಗಂಟೆಗೆ ಮಿತಿಗೊಳಿಸಿ, ತಿಂಗಳಿಗೆ ನಾಲ್ಕು ಸೂಟಿ ಕೊಟ್ಟಿತು. ನಿಮಗಿಂತ ಚಿಕ್ಕವರೂ ಗಿರಣಿಯಲ್ಲಿ ದುಡಿಯುತ್ತಿದ್ದರೆಂಬುದನ್ನು ಗಮನಿಸಿರಿ. ದೊಡ್ಡವರಿಗಂತೂ ಆ ಕಾಯ್ದೆಯಿಂದ ದುಡಿಮೆಯ ಹೊತ್ತೂ ತಗ್ಗಲಿಲ್ಲ, ಸೂಟಿಯೂ ಸಿಗಲಿಲ್ಲ.

ಲೋಖಂಡೆಯವರು ಮಹಾತ್ಮಾ ಜೋತಿರಾವ ಫುಲೆಯವರ ಅನುಯಾಯಿಗಳು. ಸತ್ಯಶೋಧಕ ಸಮಾಜದ ಕಾರ್ಯಕರ್ತರು. 1880ರಲ್ಲಿ ಅವರು ‘ದೀನಬಂಧು’ ಪತ್ರಿಕೆಯ ಹೊಣೆ ಹೊತ್ತು, ಅದರಲ್ಲಿ ಕಾರ್ಮಿಕರ ಕಷ್ಟಗಳನ್ನು ಬರೆಯತೊಡಗಿದರು. 1884ರಲ್ಲಿ ಮುಂಬಯಿ ಗಿರಣಿ ಕಾರ್ಮಿಕರ ಸಂಘವನ್ನು ಕಟ್ಟಿದರು. ಅದೇ ವರ್ಷ ಸೆಪ್ಟೆಂಬರದಲ್ಲಿ ಕಾರ್ಮಿಕರ ಸಭೆ ಕರೆದು ಬೇಡಿಕೆಗಳ ಮನವಿ ಸಿದ್ಧಪಡಿಸಿದರು. ಸುಮಾರು 5,500 ಕಾರ್ಮಿಕರು ಅದಕ್ಕೆ ಸಹಿ ಹಾಕಿದರು. ಅವರ ಬೇಡಿಕೆಗಳೇನು ಗೊತ್ತೆ? ಪ್ರತಿ ರವಿವಾರ ಪೂರ್ತಿ ಸೂಟಿ, ಮಧ್ಯಾಹ್ನ ಅರ್ಧ ಗಂಟೆ ವಿಶ್ರಾಂತಿ, ಮುಂದಿನ ತಿಂಗಳ ಹದಿನೈದರೊಳಗೆ ಸಂಬಳ, ಯಂತ್ರಕ್ಕೆ ಸಿಕ್ಕಿ ಗಾಯಗೊಂಡವರಿಗೆ ವಾಸಿಯಾಗುವವರೆಗೆ ಪೂರ್ಣ ವೇತನ.

ರವಿವಾರವೇ ಏಕೆ ಎಂದು ನೀವು ಕೇಳಬಹುದು. ಅದು ಖಂಡೋಬಾನ ವಾರ. ನಮ್ಮಲ್ಲಿ ಅನೇಕರು ಮೈಲಾರಲಿಂಗನೆಂದು ಪೂಜಿಸುವ ದೈವವೇ ಖಂಡೋಬಾ. ಆದ್ದರಿಂದ ಆ ದಿನ ಆಳುವ ಸರಕಾರದ ಸೂಟಿಯ ದಿನವಷ್ಟೇ ಅಲ್ಲ, ಕಾರ್ಮಿಕರ ಭಕ್ತಿಯ ದಿನವೂ ಆಗಿತ್ತು.

ಮಾಲೀಕರು ಕೂಡಲೇ ಒಪ್ಪಲಿಲ್ಲ. ಲೋಖಂಡೆಯವರು ಬಿಡಲಿಲ್ಲ. 1890ರ ಏಪ್ರಿಲ್ 24ರಂದು ಮುಂಬಯಿಯಲ್ಲಿ ಸುಮಾರು ಹತ್ತು ಸಾವಿರ ಕಾರ್ಮಿಕರ ಸಭೆ ನೆರೆಯಿತು. ಇಬ್ಬರು ಮಹಿಳಾ ಕಾರ್ಮಿಕರೂ ಆ ಸಭೆಯಲ್ಲಿ ಮಾತನಾಡಿದರು. ಕೊನೆಗೆ ಅದೇ ವರ್ಷ ಜೂನ್ 10ರಂದು ಗಿರಣಿ ಮಾಲೀಕರು ರವಿವಾರದ ಸೂಟಿಗೆ ಒಪ್ಪಿದರು. 1891ರ ಕಾಯ್ದೆಯು ವಾರದ ಸೂಟಿಯನ್ನೂ ಮಧ್ಯಾಹ್ನದ ವಿಶ್ರಾಂತಿಯನ್ನೂ ಕಾನೂನಾಗಿಸಿತು. ಗಂಡಸರ ದುಡಿಮೆಯ ಗಂಟೆಗಳಿಗೆ ಮಿತಿ ಬೀಳಲು ಮಾತ್ರ 1911ರವರೆಗೆ ಕಾಯಬೇಕಾಯಿತು. ದುಡಿದ ಇಪ್ಪತ್ತು ದಿನಕ್ಕೊಂದರಂತೆ ಸಂಬಳಸಹಿತ ರಜೆ ದೊರೆತದ್ದು 1948ರ ಕಾಯ್ದೆಯಿಂದ.

ಲೋಖಂಡೆಯವರ ಕಾಳಜಿ ಗಿರಣಿಗೆ ಸೀಮಿತವಾಗಿರಲಿಲ್ಲ. ವಿಧವೆಯರ ತಲೆ ಬೋಳಿಸುವ ರೂಢಿಯ ವಿರುದ್ಧ ಅವರು ಕ್ಷೌರಿಕರನ್ನು ಸಂಘಟಿಸಿದರು. 1893ರಲ್ಲಿ ಮುಂಬಯಿಯಲ್ಲಿ ಹಿಂದೂ-ಮುಸ್ಲಿಂ ಗಲಭೆ ನಡೆದಾಗ ಶಾಂತಿಗಾಗಿ ಶ್ರಮಿಸಿದರು. ಸರಕಾರ ಅವರಿಗೆ ‘ರಾವಬಹಾದ್ದೂರ’ ಪದವಿ ನೀಡಿತು. 1896ರಲ್ಲಿ ಮುಂಬಯಿಗೆ ಪ್ಲೇಗು ಬಂದಿತು. ಅನೇಕರು ಊರು ಬಿಟ್ಟು ಓಡಿದರು. ಲೋಖಂಡೆಯವರು ಅಲ್ಲಿಯೇ ಉಳಿದು ರೋಗಿಗಳ ಸೇವೆ ಮಾಡಿದರು. ಅದೇ ರೋಗ ತಗುಲಿ 1897ರ ಫೆಬ್ರುವರಿ 9ರಂದು ತೀರಿಕೊಂಡರು. ಭಾರತ ಸರಕಾರ 2005ರಲ್ಲಿ ಅವರ ನೆನಪಿಗಾಗಿ ಅಂಚೆ ಚೀಟಿ ಹೊರಡಿಸಿತು.

ದುಡಿಯುವವನಿಗೆ ಸೂಟಿ ಯಾರೋ ತೋರುವ ದಯೆಯಲ್ಲ, ಅದು ಅವನ ಹಕ್ಕು. ಮುಂದಿನ ರವಿವಾರ ನಿಮ್ಮ ಓಣಿಯನ್ನು ಒಮ್ಮೆ ನೋಡಿರಿ. ಹೋಟೆಲಿನಲ್ಲಿ ತಟ್ಟೆ ತೊಳೆಯುವವರು, ಮನೆಗೆಲಸಕ್ಕೆ ಹೋಗುವವರು, ಕೂಲಿಗೆ ನಡೆದವರು ಅಂದೂ ದುಡಿಯುತ್ತಿರುತ್ತಾರೆ. ಅವರ ಸೂಟಿ ಯಾವಾಗ? ಈ ಪ್ರಶ್ನೆಯನ್ನು ಕೇಳುವವರು ನೀವಾದರೆ ಲೋಖಂಡೆಯವರ ಕೆಲಸ ಮುಂದುವರಿದಂತೆ.